ಅಮ್ಮನ ಶ್ರವಣ ಸಾಧನದ ಶಿಳ್ಳೆ ನಿಂತದ್ದು ಹೀಗೆ

ಹಾಕಿಕೊಂಡ ಕೂಡಲೇ ಕೀ ಎಂದು ಶಿಳ್ಳೆ ಹೊಡೆಯುತ್ತಿದ್ದ ಶ್ರವಣ ಸಾಧನವನ್ನು ಅಮ್ಮ ಬೇಸತ್ತು ಡಬ್ಬಿಗೆ ಸೇರಿಸಿದ್ದರು. ಅದು ಕೆಟ್ಟಿರಲಿಲ್ಲ. ಕಿವಿಯೊಳಗಿನ ಅಚ್ಚು ಸಡಿಲವಾಗಿ ಕೂತರೆ ಸದ್ದು ಹೊರಗೆ ಸೋರಿ ಮತ್ತೆ ಮೈಕ್ ಸೇರುತ್ತದೆ. ಶಿಳ್ಳೆ ಹುಟ್ಟುವುದು ಅಲ್ಲಿಯೇ. ಕಿವಿಯ ಮೇಲಂಚನ್ನು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಅಚ್ಚನ್ನು ತುಸು ತಿರುಗಿಸುತ್ತಾ ಕೂರಿಸಿದಾಗ ನಿಂತಿತು. ಗುಗ್ಗೆ ತುಂಬಿದ್ದರೂ ಹೀಗಾಗುತ್ತದೆ, ಅದನ್ನು ಮಾತ್ರ ವೈದ್ಯರೇ ತೆಗೆಯಬೇಕು.

ಬ್ಯಾಟರಿಯೂ ಬೇಗ ಮುಗಿಯುತ್ತಿತ್ತು. ಗಾಳಿ ತಾಗಿದಾಗ ಕೆಲಸ ಶುರುಮಾಡುವ ಸತು-ಗಾಳಿ (ಜಿಂಕ್-ಏರ್) ಬ್ಯಾಟರಿಯಾದರೆ ಅದರ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಕೆಲವು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ರಾತ್ರಿ ಸಾಧನದ ಬ್ಯಾಟರಿ ಬಾಗಿಲು ತೆರೆದಿಡಬೇಕು.

ಅಮ್ಮನನ್ನು ನೋಡಿಕೊಳ್ಳುವ ಅಕ್ಕನಿಗೆ ಸಾಧನ ಮುಟ್ಟಲು ಭಯವಿತ್ತು. ನಾನು ಮಾಡಿ ತೋರಿಸುವುದನ್ನು ಬಿಟ್ಟು ಅವರ ಕೈಯಿಂದಲೇ ಮಾಡಿಸಿದೆ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ. ಅಷ್ಟು ತಿಳಿದದ್ದೇ ಅರ್ಧ ಅಂಜಿಕೆ ಹೋಯಿತು. ಕಲಿಸುವಾಗ ಅವಸರ ಮಾಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಮೊದಲು ಪಾತ್ರೆ ಸದ್ದೂ ಅಮ್ಮನಿಗೆ ಕರ್ಕಶವಾಗಿತ್ತು. ಟಿವಿ ಆರಿಸಿ, ಒಬ್ಬರೇ ಎದುರು ಕೂತು ಮಾತಾಡುವುದರಿಂದ ಶುರುಮಾಡಿ ದಿನದಿನಕ್ಕೆ ಹೊತ್ತು ಹೆಚ್ಚಿಸಿದೆವು. ಈಗ ಅವರೇ ಹಾಕಿಕೊಳ್ಳುತ್ತಾರೆ.