ಈಜಿಪ್ಟಿಗೆ ಹೊರಡುವ ಮೊದಲು ಸಂಗನಕಲ್ಲಿನ ಗುಡ್ಡ ಹತ್ತಿಸಿ

ಬಳ್ಳಾರಿಯಲ್ಲಿ ಡಿಗ್ರಿ ಹುಡುಗರಿಗೆ ಇತಿಹಾಸ ಹೇಳುವವಳು ನಾನು. ಹೋದ ಜನವರಿಯಲ್ಲಿ ಹದಿನಾಲ್ಕು ಮಂದಿಯನ್ನು ಕಟ್ಟಿಕೊಂಡು ಎಂಟು ದಿನ ಈಜಿಪ್ಟ್ ಸುತ್ತಿ ಬಂದೆ. ಅಂದಿನಿಂದ ರಾಯಚೂರು, ಕೊಪ್ಪಳದ ಕಡೆಯ ಮೇಷ್ಟ್ರುಗಳು ಫೋನ್ ಮಾಡಿ "ಹೆಂಗ್ ಮಾಡಿದ್ರಿ ಮೇಡಮ್, ಸ್ವಲ್ಪ ಹೇಳ್ರಿ" ಅನ್ನುತ್ತಲೇ ಇದ್ದಾರೆ. ಹೇಳಿ ಹೇಳಿ ಗಂಟಲು ಕಟ್ಟಿತು, ಬರೆದೇಬಿಡುತ್ತೇನೆ.

ಪಾಸ್‌ಪೋರ್ಟಿಗಿಂತ ಮೊದಲು ಪಾಲಕರನ್ನು ಒಪ್ಪಿಸಬೇಕು. ಸಿರುಗುಪ್ಪದ ಒಬ್ಬ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ ಹುಡುಗಿ ಮಾಂಸ ಮುಟ್ಟಂಗಿಲ್ಲ, ಅಲ್ಲಿ ಏನ್ ತಿಂತಾಳ್ರಿ?" ಧೈರ್ಯವಾಗಿ ಹೇಳಿ, ಉಪವಾಸ ಬೀಳುವುದಿಲ್ಲ. ಅನ್ನ, ಬೇಳೆ, ಮ್ಯಾಕರೋನಿ ಕಲಸಿ ಮೇಲೆ ಟೊಮೆಟೊ ಸಾರು, ಕರಿದ ಈರುಳ್ಳಿ ಹಾಕಿ ಕೊಡುವ ಕೊಶರಿ ಬೀದಿಬೀದಿಯಲ್ಲಿದೆ. ತಾಮಿಯಾ ಅನ್ನುವುದು ಅವರೆಯ ಜಾತಿಯ ಕಾಳು ರುಬ್ಬಿ ಕರಿದ ವಡೆ. ಹೋಟೆಲಿನಲ್ಲಿ "ಸಿಯಾಮಿ" ಅನ್ನಿ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ತುಪ್ಪ ಬಿಟ್ಟು ಉಣ್ಣುವ ಊಟಕ್ಕೆ ಆ ಹೆಸರು, "ವೆಜ್" ಅಂದರೆ ಅರ್ಥವಾಗದವರಿಗೂ ಅರ್ಥವಾಗುತ್ತದೆ. ಆದರೂ ಶೇಂಗಾ ಚಟ್ನಿಪುಡಿ ಎರಡು ಕೆಜಿ ಒಯ್ದಿದ್ದೆವು. ನಾಲ್ಕನೇ ದಿನಕ್ಕೆ ಡಬ್ಬಿ ಖಾಲಿ.

ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ. ಬಳ್ಳಾರಿ ಬಿಸಿಲು ಕಂಡವರು ಸ್ವೆಟರ್ ಯಾಕೆ ಅಂತ ನಗುತ್ತಾರೆ. ಮರುಭೂಮಿಯ ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುವಾಗ ನಗು ನಿಲ್ಲುತ್ತದೆ. ವೀಸಾ ಕೆಲಸ ಎರಡು ತಿಂಗಳು ಮುಂಚೆಯೇ ಹಿಡಿಯಿರಿ. ಬೆಂಗಳೂರಿನಿಂದ ಹೊರಟು ಗಲ್ಫ್‌ನಲ್ಲಿ ವಿಮಾನ ಬದಲಿಸಿ ಕೈರೋ ಮುಟ್ಟಬಹುದು.

ನಾನು ಎಡವಿದ ಜಾಗವನ್ನೂ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಅರ್ಧ ದರದ ಟಿಕೆಟ್ ಇದೆ. ನಮ್ಮ ಕಾಲೇಜಿನ ಐಡಿ ಕಾರ್ಡು ಮಾತ್ರ ಅಪ್ಪಟ ಕನ್ನಡದಲ್ಲಿತ್ತು! ಕಿಟಕಿಯೊಳಗಿನ ಮನುಷ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. ಆ ದಿನ ಪೂರ್ತಿ ದರ ತೆತ್ತೆವು. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಾರ್ಡ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ದೊಡ್ಡ ತಾಣಗಳಲ್ಲಿ ನಗದು ತೆಗೆದುಕೊಳ್ಳುವುದು ನಿಂತಿದೆ, ಆದ್ದರಿಂದ ವಿದೇಶದಲ್ಲಿ ನಡೆಯುವ ಎರಡು ಬ್ಯಾಂಕ್ ಕಾರ್ಡುಗಳಾದರೂ ಬೇಕು. ಚಿಲ್ಲರೆ ನೋಟು ಬೇಕಾಗುವುದು ಬಕ್ಷೀಸಿಗೆ. ಈ ಶಬ್ದವನ್ನು ರಾಯಚೂರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಅಂಕಿಗಳನ್ನೂ ಮೊದಲೇ ಕಲಿಸಿ. ಅರಬ್ಬಿಯಲ್ಲಿ ಸೊನ್ನೆ ಅಂದರೆ ಬರೀ ಚುಕ್ಕಿ. ನಮ್ಮ ಕನ್ನಡದ ಸೊನ್ನೆಯಂತೆ ದುಂಡಗಿರುವುದು ಐದು. ಐವತ್ತು ಪೌಂಡಿನ ಚೀಟಿ ನೋಡಿ ಒಬ್ಬ "ಪುಕ್ಕಟೆ ಐತ್ರಿ ಮೇಡಮ್" ಎಂದು ಕೈ ಹಾಕಿದ್ದ. ಮನೆಯಲ್ಲಿ ಕುರಾನ್ ಓದಲು ಕಲಿತಿದ್ದ ರಾಯಚೂರಿನ ಹುಡುಗಿಯೇ ನಮ್ಮ ಕಣ್ಣಾದಳು. ಅರ್ಥ ಗೊತ್ತಿಲ್ಲದಿದ್ದರೂ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು.

ಇನ್ನು ತಯಾರಿ. ಇದನ್ನು ಬಿಟ್ಟು ಉಳಿದದ್ದೆಲ್ಲ ಟ್ರಾವೆಲ್ಸ್‌ನವರು ಮಾಡಿಕೊಟ್ಟಾರು. ಹೊರಡುವ ಮೊದಲು ಎರಡು ಭಾನುವಾರ ಹುಡುಗರನ್ನು ಸುತ್ತಾಡಿಸಿದೆ. ಒಂದು ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಅನ್ನುವ ಹೆಸರೇ ಇದ್ದದ್ದರಿಂದ ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ರಾಜ ಯಾರೆಂಬುದು ಗಟ್ಟಿಯಾಯಿತು. ಈಜಿಪ್ಟಿನ ಲಿಪಿಯ ಬೀಗ ತೆರೆದದ್ದೂ ಹೆಸರಿನಿಂದಲೇ. ರಾಜರ ಹೆಸರಿನ ಸುತ್ತ ಉದ್ದುಂಗುರದಂಥ ಗೆರೆ ಕೊರೆಯುತ್ತಿದ್ದರು, ಅದಕ್ಕೆ ಕಾರ್ಟೂಶ್ ಎನ್ನುತ್ತಾರೆ. ಟಾಲೆಮಿ, ಕ್ಲಿಯೋಪಾತ್ರರ ಹೆಸರು ಹಿಡಿದು ಫ್ರಾನ್ಸಿನ ವಿದ್ವಾಂಸ ಷಾಂಪೋಲಿಯನ್ 1822ರಲ್ಲಿ ಉಳಿದ ಅಕ್ಷರಗಳಿಗೆ ದಾರಿ ಮಾಡಿದ. ರಾಮ್ಸೆಸ್, ಟುಟಂಖಾಮನ್ ಎಂಬ ಇಬ್ಬರು ರಾಜರ ಕಾರ್ಟೂಶನ್ನು ರಟ್ಟಿನ ಮೇಲೆ ಬರೆಸಿ ಪ್ರತಿಯೊಬ್ಬರ ಜೇಬಿಗೆ ಹಾಕಿದ್ದೆ. ಕಾರ್ನಾಕ್ ಗುಡಿಯ 134 ಕಂಬಗಳ ಮಂಟಪದಲ್ಲಿ ಯಾರೂ ಸೆಲ್ಫಿಗೆ ಓಡಲಿಲ್ಲ, ರಾಮ್ಸೆಸ್‌ನನ್ನು ಹುಡುಕುತ್ತಿದ್ದರು. ಸರಿ, ಓಡಿದರು, ಆದರೆ ಆಮೇಲೆ.

ಎರಡನೆಯದು ಬಳ್ಳಾರಿ ಪಕ್ಕದ ಸಂಗನಕಲ್ಲು, ಹೊಸ ಶಿಲಾಯುಗದ ನೆಲೆ. ಅದರ ಕಥೆ ಕೊನೆಗೆ.

ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ. ಮೂರನೆಯದನ್ನು ಗೈಡ್ ಎಷ್ಟೇ ಹೊಗಳಲಿ, ಬೇಡ. ಪಿರಮಿಡ್ಡುಗಳಿರುವ ಗೀಜಾಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಂಟೆಯವರ ಹತ್ತಿರ ಹತ್ತುವ ರೇಟು ಬೇರೆ, ಇಳಿಯುವ ರೇಟು ಬೇರೆ. "ಲಾ, ಶುಕ್ರನ್" (ಬೇಡ, ಥ್ಯಾಂಕ್ಸ್) ಅಂದು ಮುಂದೆ ನಡೆಯಿರಿ. ಖುಫುವಿನ ಪಿರಮಿಡ್ಡಿನ ಒಳಗೆ ಹೋಗಲು ಬೇರೆ ಟಿಕೆಟ್ ಬೇಕು. ಬೆನ್ನು ಬಗ್ಗಿಸಿಕೊಂಡೇ ಹತ್ತುವ ಇಕ್ಕಟ್ಟು ದಾರಿ, ಒಳಗೆ ಸೆಕೆ. ಉಸಿರಾಟದ ತೊಂದರೆ ಇರುವವರನ್ನು ಹೊರಗೇ ಕೂರಿಸಿ. ಮೇಲಿನ ಕೋಣೆಯಲ್ಲಿ ಮುಚ್ಚಳವಿಲ್ಲದ ಕಲ್ಲಿನ ಶವಪೆಟ್ಟಿಗೆ ಬಿಟ್ಟರೆ ಏನೂ ಇಲ್ಲ. "ಇಷ್ಟೇನಾ ಮೇಡಮ್?" ಅಂದರು. ಗೋಡೆ ಮುಟ್ಟದೆ ಹತ್ತಿರದಿಂದ ನೋಡಿ ಅಂದೆ. ಅಷ್ಟೂ ಗ್ರಾನೈಟು, 800 ಕಿಲೋಮೀಟರ್ ದೂರದ ಅಸ್ವಾನಿನಿಂದ ನೈಲ್ ನದಿಯ ಮೇಲೆ ಬಂದದ್ದು.

2025ರ ನವೆಂಬರಿನಲ್ಲಿ ಪೂರ್ತಿ ತೆರೆದ ಹೊಸ ಮ್ಯೂಸಿಯಂ ಗೀಜಾದ ಪಕ್ಕದಲ್ಲೇ ಇದೆ. 1922ರಲ್ಲಿ ಇಂಗ್ಲಿಷ್ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಪತ್ತೆಮಾಡಿದ ಟುಟಂಖಾಮನ್‌ನ ಗೋರಿಯ ಸಂಪತ್ತೆಲ್ಲ ಅಲ್ಲಿ. ಅದಕ್ಕೆ ಇಡೀ ದಿನ ಕೊಡಿ.

ಕಾರ್ನಾಕ್ ಗುಡಿ, ರಾಜರ ಕಣಿವೆ ಇರುವ ಲಕ್ಸರ್ ಊರಿಗೆ ರಾತ್ರಿ ರೈಲು ಹಿಡಿಯಿರಿ, ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ರಾಜರ ಕಣಿವೆಯಲ್ಲಿ ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿ. ಗೋರಿಯೊಳಗೆ ಗೈಡ್ ವಿವರಣೆ ಕೊಡುವಂತಿಲ್ಲ, ಆದ್ದರಿಂದ ಪಾಠವನ್ನು ಹೊರಗಿನ ನೆರಳಲ್ಲೇ ಮುಗಿಸಿ ಒಳಗೆ ಕಳಿಸಿ.

ಅಸ್ವಾನಿನಿಂದ ಅಬು ಸಿಂಬೆಲ್ ಗುಡಿಗೆ ನಸುಕಿನ ನಾಲ್ಕಕ್ಕೆ ಬಸ್ಸು. ಅಸ್ವಾನ್ ಅಣೆಕಟ್ಟಿನ ಹಿನ್ನೀರಿಗೆ ಸಿಗದಂತೆ 1964ರಿಂದ 68ರೊಳಗೆ ಇಡೀ ಗುಡಿಯನ್ನು ತುಂಡು ಮಾಡಿ, 65 ಮೀಟರ್ ಮೇಲಕ್ಕೆ ಎತ್ತಿ ಜೋಡಿಸಿದ್ದಾರೆ. ನಮ್ಮ ಗುಂಪಿನಲ್ಲಿ ಅಜ್ಜನ ಊರನ್ನು ತುಂಗಭದ್ರಾ ಹಿನ್ನೀರಿಗೆ ಕಳೆದುಕೊಂಡ ಹುಡುಗನೊಬ್ಬನಿದ್ದ. "ಗುಡಿ ಎತ್ತಿಟ್ರು, ಊರ ಮಂದೀನ ಏನ್ ಮಾಡಿದ್ರು?" ಎಂದು ಕೇಳಿದ. ಮುಳುಗಿದ ನ್ಯೂಬಿಯಾ ಸೀಮೆಯವರನ್ನು ಕೋಮ್ ಓಂಬೋ ಊರಿನ ಕಡೆಗೆ ಸಾಗಿಸಿದರು ಎಂದು ಗೈಡ್ ಹೇಳಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ಅಸ್ವಾನಿನ ಅರ್ಧಕ್ಕೆ ಬಿಟ್ಟ ಒಬೆಲಿಸ್ಕನ್ನು (ಒಂದೇ ಕಲ್ಲಿನ ಚೂಪು ತುದಿಯ ಕಂಬ) ಪಟ್ಟಿಯಿಂದ ತೆಗೆಯಲು ಟ್ರಾವೆಲ್ಸ್‌ನವರು ಹೇಳಿಯೇ ಹೇಳುತ್ತಾರೆ. ತೆಗೆಯಬೇಡಿ. ಸುಮಾರು 42 ಮೀಟರ್ ಉದ್ದದ ಕಂಬ, ಬಿರುಕು ಬಿಟ್ಟಿದ್ದಕ್ಕೆ ಬಂಡೆಯಿಂದ ಬೇರ್ಪಡಿಸದೆ ಹಾಗೇ ಕೈಬಿಟ್ಟರು. ಸುತ್ತಲಿನ ಕಾಲುವೆಯ ತುಂಬ ಸೌಟಿನಿಂದ ಗೋರಿದಂಥ ತಗ್ಗುಗಳು. ಅವು ಗ್ರಾನೈಟನ್ನು ರುಬ್ಬುಗುಂಡಿನಂಥ, ಡೋಲರೈಟ್ ಎಂಬ ಗಟ್ಟಿ ಕರಿಕಲ್ಲುಗಳಿಂದ ಕುಟ್ಟಿ ಕುಟ್ಟಿ ಆದ ಗುರುತು. ಆ ಕರಿಗುಂಡು ಕಂಡದ್ದೇ ಒಬ್ಬ ಕೂಗಿದ: "ಮೇಡಮ್, ಇದು ನಮ್ ಸಂಗನಕಲ್ಲಿಂದಲ್ರೀ!" ಹೊಸ ಶಿಲಾಯುಗದಲ್ಲಿ ನಮ್ಮವರು ಕೊಡಲಿ ಮಾಡುತ್ತಿದ್ದ ಜಾತಿಯ ಕಲ್ಲೇ ಅದು. ಹದಿನೈದು ದಿನದ ಹಿಂದೆ ಅವನೇ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಅದರ ಚಕ್ಕೆಗಳ ರಾಶಿಯ ಮುಂದೆ ಕೂತು ಬೇಸರದಿಂದ ಆಕಳಿಸಿದ್ದ.

ಹೊರಡುವಾಗ ಎಲ್ಲರ ಜೇಬು, ಬ್ಯಾಗು ನೋಡಿ. ಪ್ರಾಚೀನ ವಸ್ತು ಸಾಗಿಸುವುದು ಅಲ್ಲಿ ದೊಡ್ಡ ಅಪರಾಧ. ಈ ಮಹಾರಾಯನ ಜೇಬಿನಲ್ಲಿ ಕರಿಕಲ್ಲಿನ ಚೂರು ಸಿಕ್ಕಿತು. ಎತ್ತಿದ ಜಾಗದಲ್ಲೇ ಇಡಿಸಿದೆ. ಹಿರೇಗುಡ್ಡದಲ್ಲೂ ಅವನ ಜೇಬು ಖಾಲಿ ಮಾಡಿಸಿದವಳು ನಾನೇ.