ಮೊದಲು ಪಂಪ್, ಆಮೇಲೆ ಹೆಬ್ಬೆರಳು

ದಾವಣಗೆರೆಯಲ್ಲಿ ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಂದ ತುಂಬಾ ದೂರ ಇಲ್ಲ. ಗಾಳಿ ಈ ಕಡೆ ತಿರುಗಿದರೆ ಹೊಗೆ ಅಡುಗೆಮನೆಗೇ ಬರುತ್ತದೆ. ಅದು ಸಾಲದು ಅಂತ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ. ಮೇಲಾಗಿ ನಾನು 20 ವರ್ಷ ಶಾಲೆಯಲ್ಲಿ ಸೀಮೆಸುಣ್ಣದ ಪುಡಿ ಕುಡಿದವಳು. ಉಬ್ಬಸ ಬಾರದೇ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಮೈಮೇಲಿನ ಕೆಲವು ಬಿಂದುಗಳನ್ನು ಬೆರಳಿನಿಂದ ಒತ್ತುವ ಆಕ್ಯುಪ್ರೆಶರ್ ಕಲಿತದ್ದು ಬೆಳಗಿನ ಯೋಗ ಕ್ಲಾಸಿನ ಮೇಡಂ ಹತ್ತಿರ. ಎರಡೇ ವಾರಕ್ಕೆ ಎದೆ ಹಗುರ ಅನ್ನಿಸಿತು. ಆ ಖುಷಿಯಲ್ಲೇ ದೊಡ್ಡ ತಪ್ಪು ಮಾಡಿದೆ. ಡಿಸೆಂಬರ್‌ನ ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಿತು. ನೀಲಿ ಪಂಪ್, ಅಂದರೆ ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಇನ್ಹೇಲರ್, ಪಕ್ಕದಲ್ಲೇ ಇತ್ತು. 'ಒತ್ತಿ ನೋಡೋಣ' ಅಂತ ಅರ್ಧ ಗಂಟೆ ಸುಮ್ನೆ ಕೂತೆ. ಮಗ ಎದ್ದು ಬಂದು "ಯಾಕಮ್ಮಾ?" ಅಂದಾಗ ಉತ್ತರ ಕೊಡೋಕೆ ಉಸಿರಿರಲಿಲ್ಲ. ಆಸ್ಪತ್ರೆ, ನೆಬುಲೈಸರ್, ಬೆಳಗಿನವರೆಗೂ ಆಕ್ಸಿಜನ್. ಡಾಕ್ಟರು ಬೈಯಲಿಲ್ಲ. "ಒತ್ಕೊಳ್ಳಿ ಮೇಡಂ, ಬೇಡ ಅನ್ನಲ್ಲ. ಮೊದಲು ಪಂಪ್ ತಗೊಳ್ಳಿ" ಅಂದರು. ಜೊತೆಗೆ ಒಂದು ಪೀಕ್ ಫ್ಲೋ ಮೀಟರ್ ಬರೆದುಕೊಟ್ಟರು.

ಅದೊಂದು ಪ್ಲಾಸ್ಟಿಕ್ ಕೊಳವೆ. ಪೂರ್ತಿ ಉಸಿರು ಎಳೆದು ಒಂದೇ ಸಲ ಜೋರಾಗಿ ಊದಬೇಕು. ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೋ ಅದು ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋ ಲೆಕ್ಕ. ಚೆನ್ನಾಗಿರುವ ದಿನ ನನ್ನದು 360. ಅದರ ಶೇಕಡ 80ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ. ಅರ್ಧಕ್ಕಿಂತ ಕೆಳಗೆ, ಅಂದರೆ 180ಕ್ಕಿಂತ ಕಡಿಮೆ ಬಂದರೆ, ಪಂಪ್ ತಗೊಂಡು ನೇರ ಆಸ್ಪತ್ರೆಗೆ.

ಟೀಚರ್ ಬುದ್ಧಿ ನೋಡಿ, ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸ್ವಲ್ಪ ಬಿಗಿತ ಇರುವ ದಿನ ಒತ್ತುವ ಮುಂಚೆ 250. ಹತ್ತು ನಿಮಿಷ ಒತ್ತಿದ ಮೇಲೂ 250, ಯಾವಾಗಲೋ 260. ಪಂಪ್ ತಗೊಂಡು ಕಾಲು ಗಂಟೆ ಬಿಟ್ಟರೆ 310. ಒತ್ತಿದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ ಅನ್ನೋ ಮಾತು ನನ್ನ ಪುಸ್ತಕದಲ್ಲಂತೂ ಸುಳ್ಳಾಯಿತು.

ಮತ್ತೆ ಯಾಕೆ ಒತ್ತುತ್ತೀಯಾ ಅಂತೀರಾ? ಅದೇ ಪುಸ್ತಕದಲ್ಲಿ ಇನ್ನೊಂದು ಸಾಲಿದೆ. ಒತ್ತುವ ಮುಂಚೆ ನಿಮಿಷಕ್ಕೆ 26 ಉಸಿರು, ಆಮೇಲೆ 18. ದಮ್ಮು ಬಂದಾಗ ಗಾಬರಿಯಾಗುತ್ತದೆ, ಭುಜ ಕಿವಿಯವರೆಗೆ ಏರುತ್ತದೆ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಮತ್ತೆ ಎಳೆಯುತ್ತೇವೆ, ಎದೆ ಇನ್ನಷ್ಟು ತುಂಬಿಕೊಳ್ಳುತ್ತದೆ. ಹೆಬ್ಬೆರಳು ಒಂದು ಕಡೆ ಊರಿದರೆ ಮನಸ್ಸೂ ಅಲ್ಲೇ ಕೂರುತ್ತದೆ. ಪಂಪ್ ಕೆಲಸ ಮಾಡುವ ತನಕ ಕಾಯುವ ಆ ಹದಿನೈದು ನಿಮಿಷ ಇದೆಯಲ್ಲ, ಅದಕ್ಕೆ ಇದು ಒಳ್ಳೆ ಜೊತೆ.

ಮಲಗಿ ಒತ್ತಬೇಡಿ. ನಾನು ಮೇಜಿನ ಮೇಲೆ ದಿಂಬಿಟ್ಟು, ಮೊಣಕೈ ಊರಿ, ಮುಂದಕ್ಕೆ ಬಾಗಿ ಕೂರುತ್ತೇನೆ. ಮೊದಲು ಎದೆಮೂಳೆಯ ನಟ್ಟನಡುವಿನ ಬಿಂದು, ನಾಲ್ಕನೇ ಪಕ್ಕೆಲುಬಿನ ಸಂದಿನ ಸಾಲಿಗೆ. ಅಲ್ಲಿ ಮೂಳೆ ನೋಯುವಷ್ಟು ಒತ್ತುವುದು ಬೇಡ, ಮೂರು ಬೆರಳು ಇಟ್ಟು ಮೆಲ್ಲಗೆ ತಿರುಗಿಸಿದರೆ ಸಾಕು. ಆಮೇಲೆ ಕಾಲರ್ ಮೂಳೆಯ ಹೊರತುದಿಯ ಕೆಳಗೆ, ಭುಜದ ಕಡೆ ಒಂದು ಗುಳಿ ಸಿಗುತ್ತದೆ. ಅದರಿಂದ ಒಂದು ಹೆಬ್ಬೆರಳಗಲ ಕೆಳಗೆ ಒತ್ತಿ. ಚೀನೀ ಪದ್ಧತಿಯಲ್ಲಿ ಶ್ವಾಸಕೋಶದ ನಾಡಿ, ಅಂದರೆ ಶಕ್ತಿ ಹರಿಯುವ ದಾರಿ ಅಂತಾರಲ್ಲ, ಅದು ಶುರುವಾಗುವುದೇ ಇಲ್ಲಿಂದ. ನನಗೆ ಇದು ಯಾವಾಗಲೂ ನೋಯುತ್ತದೆ, ಒತ್ತಿದರೆ ಒಂಥರಾ ಸುಖವೂ ಹೌದು. ಉಸಿರು ಬಿಡುವಾಗ ಒತ್ತುವುದು, ಎಳೆಯುವಾಗ ಸಡಿಲ ಬಿಡುವುದು. ಬಿಡುವಾಗ ತುಟಿ ಕಿರಿದು ಮಾಡಿ, ಬಿಸಿ ಚಹಾ ಆರಿಸುವ ಹಾಗೆ. ನಿಜ ಹೇಳಬೇಕಂದ್ರೆ ಅರ್ಧ ಗುಣ ಈ ಊದುವುದರದ್ದೇ ಇರಬಹುದು ಅಂತ ನನಗೆ ಅನುಮಾನ.

ಮಣಿಕಟ್ಟಿನ ಗೆರೆಯಲ್ಲಿ, ಹೆಬ್ಬೆರಳ ಬದಿಗೆ ನಾಡಿ ಹೊಡೆಯುವ ಕಡೆ ಇನ್ನೊಂದು ಬಿಂದು. ಬಸ್ಸಿನಲ್ಲಿ, ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಒತ್ತಬಹುದು. ಗಂಟಲ ಕೆಳಗಿನ ಗುಳಿಯನ್ನೂ ಮೇಡಂ ಹೇಳಿಕೊಟ್ಟಿದ್ದರು. ಒತ್ತಿದರೆ ಕೆಮ್ಮು ಕಿತ್ತುಕೊಂಡು ಬಂತು, ಅದನ್ನು ಕೈಬಿಟ್ಟೆ. ಹೆಬ್ಬೆರಳು ತೋರುಬೆರಳ ನಡುವಿನ ಬಿಂದುವನ್ನು ಬಸುರಿಯರು ಒತ್ತಬಾರದು ಅನ್ನುತ್ತಾರೆ.

ನನಗೆ ಇಷ್ಟವಾದದ್ದು ಕತ್ತಿನ ಹಿಂದಿನದು. ತಲೆ ಬಾಗಿಸಿದರೆ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದಲ್ಲ, ಅದರ ಎರಡೂ ಬದಿಗೆ ಅರ್ಧ ಹೆಬ್ಬೆರಳಗಲ ದೂರ. ಡಿಂಗ್ ಚುವಾನ್ ಅಂತಾರೆ, ಉಬ್ಬಸ ತಣಿಸುವುದು ಅಂತ ಅರ್ಥ. ಅಲ್ಲಿಂದ ಮೂರು ಮೂಳೆ ಕೆಳಗೆ, ಬೆನ್ನುಮೂಳೆಯಿಂದ ಎರಡು ಬೆರಳು ಆಚೆಗೆ ಇನ್ನೊಂದಿದೆ. ಅಲ್ಲಿಗೆ ಕೈ ಎಟಕುವುದಿಲ್ಲ. ನಮ್ಮ ಯಜಮಾನರಿಗೆ ಹೇಳಿದರೆ ಟಿವಿ ನೋಡುತ್ತಾ ಎಲ್ಲೆಲ್ಲೋ ಒತ್ತುತ್ತಾರೆ. ಕೊನೆಗೆ ಮಗನ ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿಕೊಂಡೆ. ಚೆಂಡು ಈಗ ನನ್ನದೇ ಆಗಿಹೋಗಿದೆ, ಅವನು ಬೇರೆ ತಂದುಕೊಂಡಿದ್ದಾನೆ.