ಎಡಗೈಗೆ ತೋಳಬಂದಿ ಬೇಡ

ಶಾಲೆಯಲ್ಲಿ ನಾವು ಅವನನ್ನು ಕುಳ್ಳ ಅಂತಿದ್ದೆವು. ಈಗ ನನಗಿಂತ ಎರಡು ಇಂಚು ಎತ್ತರ ಇದ್ದಾನೆ, ಹೆಸರು ಮಾತ್ರ ಹಾಗೇ ಉಳಿದಿದೆ. ತಿಪಟೂರು ಕಡೆಯ ಒಂದೇ ಊರು, ಒಂದೇ ಬೆಂಚು. ಇಬ್ಬರ ಮನೆ ಮಧ್ಯೆ ಒಂದು ಹುಲ್ಲಿನ ಬಣವೆ. ಈಗ ಇಬ್ಬರಿಗೂ 52. ಆರು ವರ್ಷದಿಂದ ಅವನಿಗೆ ಡಯಾಲಿಸಿಸ್ ನಡೆಯುತ್ತಿದೆ. ಬಿ.ಪಿ. ಇರುವುದು ಗೊತ್ತಿದ್ದರೂ ಮಾತ್ರೆ ಸರಿಯಾಗಿ ನುಂಗಲಿಲ್ಲ, ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ, ಪ್ರತಿ ಸಲ 4 ಗಂಟೆ.

ಕಾಯಿಲೆಯವನ ಹೆಂಡತಿಗೆ, ಮಕ್ಕಳಿಗೆ ಡಾಕ್ಟರು ಹೇಳಿಕೊಡುತ್ತಾರೆ. ಗೆಳೆಯನಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ. ನಾನು ತಪ್ಪು ಮಾಡಿ, ಬೈಸಿಕೊಂಡು ಕಲಿತೆ.

ಮೊದಲನೇ ತಪ್ಪು ಉಪ್ಪಿನದು. ಅವನು ಉಪ್ಪು ಜಾಸ್ತಿ ತಿನ್ನಬಾರದು ಅಂದಿದ್ದರು. ನಾನು ಭಾರಿ ಬುದ್ಧಿವಂತನ ಹಾಗೆ ತುಮಕೂರಿಗೆ ಹೋದಾಗ ಸೋಡಿಯಂ ಕಡಿಮೆ ಇರುವ ಉಪ್ಪಿನ ಎರಡು ಪ್ಯಾಕೆಟ್ ತಂದುಕೊಟ್ಟೆ. ಸಾಮಾನ್ಯ ಉಪ್ಪಿಗಿಂತ ದುಬಾರಿ ಬೇರೆ. ಪುಣ್ಯಕ್ಕೆ ಅವನ ಹೆಂಡತಿ ಅದನ್ನು ಸಾರಿಗೆ ಹಾಕುವ ಮೊದಲು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿದರು. ಆಹಾರ ಹೇಳಿಕೊಡುವ ಮೇಡಂ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಪೊಟ್ಯಾಸಿಯಂ ಕ್ಲೋರೈಡ್. "ಯಾರು ತಂದಿದ್ದು ಇದನ್ನ?" ಅಂದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಏರಿಬಿಟ್ಟರೆ ಯಾವ ಸೂಚನೆಯನ್ನೂ ಕೊಡದೆ ಹೃದಯವನ್ನೇ ನಿಲ್ಲಿಸಬಹುದು. ಬಿ.ಪಿ. ಇದ್ದವರಿಗೆ ಒಳ್ಳೆಯದು ಅಂತ ಮಾರುವ ಉಪ್ಪು ಇವನಿಗೆ ವಿಷ.

ಆಮೇಲೆ ಲೆಕ್ಕ ಹಾಕುತ್ತಾ ಹೋದರೆ ನಮ್ಮ ಸೀಮೆಯ ಊಟವೆಲ್ಲ ಅವನಿಗೆ ಎದುರಾಳಿಯೇ. ಮೂರು ಎಕರೆ ತೆಂಗಿನ ತೋಟದ ಯಜಮಾನ, ಎಳನೀರು ಕುಡಿಯುವ ಹಾಗಿಲ್ಲ. ದೊಡ್ಡದೊಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಬಂದವರಿಗೆ ಅವನೇ ಕೆತ್ತಿ ಕೊಡುತ್ತಾನೆ, ತಾನು ಮಚ್ಚು ಒರೆಸಿಕೊಂಡು ಕೂರುತ್ತಾನೆ. ಇನ್ನು ಬಸ್ಸಾರು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ ತಿನ್ನಬೇಕು ಅಂತ ಅವನಿಗೆ ಹೇಳಿದ್ದಾರೆ. ಪೊಟ್ಯಾಸಿಯಂ ನೀರಿಗೆ ಇಳಿದು ಹೋಗುತ್ತದಲ್ಲ. ನಾವು ಬಸ್ಸಾರು ಮಾಡುವುದೇ ಆ ಬಸಿದ ಕಟ್ಟಿನಲ್ಲಿ! ಪಲ್ಯ ಅವನಿಗೆ, ಕಟ್ಟು ನನಗೆ ಅಂತ ಪಾಲಾಗಿದೆ. ಅವನ ಮನೆಯಲ್ಲಿ ಬಸ್ಸಾರಿನ ದಿನ ನನಗೆ ಫೋನ್ ಬರುತ್ತದೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ನಾನು ಪೊಲೀಸ್ ಆಗಿಬಿಟ್ಟೆ. ಕುಡಿಯುವುದು ದಿನಕ್ಕೆ ಒಂದೇ ಲೀಟರ್ ಅಂದಿದ್ದರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ. ಉಚ್ಚೆಯಲ್ಲಿ ಹೋಗದ ನೀರು ಮೈಯಲ್ಲೇ ನಿಲ್ಲುತ್ತದೆ, ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ತೂಕ ಏರುತ್ತದೆ. ಏರಿದ್ದನ್ನೆಲ್ಲ ಯಂತ್ರ 4 ಗಂಟೆಯಲ್ಲಿ ಎಳೆಯಬೇಕು. ಜಾಸ್ತಿ ಎಳೆದರೆ ಬಿ.ಪಿ. ಬೀಳುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಇಷ್ಟು ತಿಳಿದ ಮೇಲೆ ನಾನು ಸಿಕ್ಕಾಗಲೆಲ್ಲ "ಎಷ್ಟು ಕುಡಿದೆ? ತೂಕ ಎಷ್ಟು?" ಅಂತ ಶುರು ಮಾಡುತ್ತಿದ್ದೆ. ಮದುವೆ ಮನೆಯಲ್ಲಿ ಅವನ ಎಲೆ ಪಕ್ಕದ ಲೋಟವನ್ನು ನಾನೇ ಎತ್ತಿಟ್ಟಿದ್ದೂ ಇದೆ.

ಒಂದು ದಿನ ತೋಟದಲ್ಲಿ ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡ. "ನನಗೆ ಹೆಂಡ್ತಿ ಅವ್ಳೆ, ಡಾಕ್ಟ್ರು ಅವ್ರೆ, ನರ್ಸಮ್ಮ ಅವ್ರೆ. ಕಾಯೋಕೆ ಇಷ್ಟು ಜನ ಸಾಲ್ದೇನ್ಲಾ? ನಲವತ್ತು ವರ್ಷ ಸುಮ್ನೆ ಬಂದು ಕೂತ್ಕೊಂಡಿದ್ದೆಯಲ್ಲ, ಹಂಗೆ ಬಂದು ಕೂತ್ಕೊ."

ಎರಡು ದಿನ ಸಿಟ್ಟಿತ್ತು. ಆಮೇಲೆ ಹೋಗಿ ಕೂತೆ.

ಅವತ್ತಿನಿಂದ ಶನಿವಾರ ಆಸ್ಪತ್ರೆಗೆ ಬೈಕಿನಲ್ಲಿ ಕರೆದುಕೊಂಡು ಹೋಗುವುದು ನಾನು. ಅಲ್ಲಿ ಕಾಯಿಲೆ ಮಾತು ಎತ್ತುವುದಿಲ್ಲ. ಕೊಬ್ಬರಿ ರೇಟು, ಯಾರ ಮಗಳ ಮದುವೆ, ಯಾರ ಬೋರ್‌ವೆಲ್ ಫೇಲ್. ನಿದ್ದೆ ಬಂದರೆ ಮಲಗುತ್ತಾನೆ, ನಾನು ಪೇಪರ್ ಓದುತ್ತೇನೆ. ನೀರಿನ ವಿಷಯಕ್ಕೆ ಕೊನೆಗೂ ಕೆಲಸಕ್ಕೆ ಬಂದದ್ದು ನನ್ನ ಕಾವಲಲ್ಲ. ಉಪ್ಪಿನಕಾಯಿ, ಹಪ್ಪಳ ಬಿಟ್ಟ ಮೇಲೆ ಬಾಯಾರಿಕೆಯೇ ಕಡಿಮೆಯಾಯಿತು. ಜೊತೆಗೆ ಮೊಮ್ಮಗುವಿನ ಪುಟ್ಟ ಸ್ಟೀಲ್ ಲೋಟ, ಬರೀ 100 ಎಂ.ಎಲ್. ಹಿಡಿಯುವುದು. ಅದರಲ್ಲೇ ಕುಡಿಯುತ್ತಾನೆ.

ನನ್ನ ಒಂದು ಕಿಡ್ನಿ ಕೊಡುತ್ತೇನೆ ಅಂತಲೂ ಹೊರಟಿದ್ದೆ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗೆಳೆಯ ಹತ್ತಿರದ ಸಂಬಂಧಿ ಅಲ್ಲ. ದುಡ್ಡಿನ ವ್ಯವಹಾರ ಇಲ್ಲ ಅಂತ ಸಮಿತಿ ಮುಂದೆ ತೋರಿಸಿ ಒಪ್ಪಿಗೆ ಪಡೆಯಬೇಕು. ನಾವು ಅಲ್ಲಿಯವರೆಗೂ ಹೋಗಲಿಲ್ಲ. ಮೊದಲ ರಕ್ತ ಪರೀಕ್ಷೆಯಲ್ಲೇ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕೊಡಲು ಹೋದವನು ಮಾತ್ರೆ ಚೀಟಿ ಹಿಡಿದು ಬಂದೆ. ಈಗ ಅವನ ಹೆಸರು, ರಾಜ್ಯದಲ್ಲಿ ಅಂಗಾಂಗ ದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿದೆ. ನನ್ನ ಮಾತ್ರೆ ತಪ್ಪದಂತೆ ಅವನು ನೋಡಿಕೊಳ್ಳುತ್ತಾನೆ. ಪೊಲೀಸ್ ಕೆಲಸ ಈಗ ಅವನದು.

ಅವನ ಎಡ ಮುಂಗೈಯಲ್ಲಿ ಫಿಸ್ಟುಲಾ ಇದೆ. ಸೂಜಿ ಚುಚ್ಚಲು ಅನುಕೂಲವಾಗಲಿ ಅಂತ ಅಪಧಮನಿಯನ್ನು ಪಕ್ಕದ ರಕ್ತನಾಳಕ್ಕೆ ಸೇರಿಸಿ ಹೊಲಿದಿದ್ದಾರೆ. ಮುಟ್ಟಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ, ಕಿವಿಗಿಟ್ಟರೆ ಜುಂಯ್ ಅನ್ನುತ್ತದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಆ ಕೈಯನ್ನು ಕಿವಿಗೆ ಹಿಡಿಯುತ್ತಾನೆ. ಅಟ್ಟದ ಮೇಲಿನ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಕೊಬ್ಬರಿ ಆಗಿದೆಯಾ ಅಂತ ನೋಡುವುದೂ ಹೀಗೇ. ಕಾಯಿಯಲ್ಲಿ ನೀರಿನ ಸದ್ದು ನಿಂತರೆ ಲಾಭ. ಕೈಯಲ್ಲಿ ಸದ್ದು ನಿಂತರೆ ಆಸ್ಪತ್ರೆಗೆ ಓಟ. ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ಭಾರ ಹೊರಬಾರದು, ಬಿಗಿಯಾಗಿ ಏನೂ ಕಟ್ಟಬಾರದು.

ಹೋದ ವರ್ಷ ಜಾತ್ರೆಗೆ ಪೌರಾಣಿಕ ನಾಟಕ ಅಂತ ತೀರ್ಮಾನವಾಯಿತು. ಕುಳ್ಳ ಇಪ್ಪತ್ತು ವರ್ಷ ದುರ್ಯೋಧನನ ಪಾರ್ಟು ಮಾಡಿದವನು, ನಾನು ಭೀಮ. ಕಾಯಿಲೆ ಬಂದ ಮೇಲೆ ಅವನನ್ನು ಯಾರೂ ಕೇಳಿರಲಿಲ್ಲ. ಪಾಪ, ಯಾಕೆ ತೊಂದರೆ ಕೊಡುವುದು ಅಂತ. ಅವನಿಗೆ ಕಾಯಿಲೆಗಿಂತ ಅದೇ ಜಾಸ್ತಿ ನೋವು ಕೊಟ್ಟಿತ್ತು ಅಂತ ನನಗೆ ಗೊತ್ತಿತ್ತು. ಮೀಟಿಂಗಿನಲ್ಲಿ ಎದ್ದು ನಿಂತು, ದುರ್ಯೋಧನ ಅವನೇ ಆಗದಿದ್ದರೆ ಭೀಮನೂ ಇಲ್ಲ ಅಂದುಬಿಟ್ಟೆ.

ಅವನ ಡಾಕ್ಟರನ್ನು ಕೇಳಿದೆವು. ರಕ್ತ ಪರೀಕ್ಷೆ ಎಲ್ಲ ನೋಡಿ, "ಹಾಡಲಿ, ಗದೆ ಬಲಗೈಲಿ ಇರಲಿ" ಅಂದರು. ಆದರೆ ನಾಟಕ ಇಟ್ಟಿದ್ದು ಶನಿವಾರ ರಾತ್ರಿ. ಡಯಾಲಿಸಿಸ್ ಮುಗಿಸಿ ಬಂದ ದಿನ ಅವನು ಹಿಂಡಿದ ಬಟ್ಟೆ. ರಾತ್ರಿಯಿಡೀ ನಿಲ್ಲಲು ಆಗುವುದಿಲ್ಲ. ಭಾನುವಾರಕ್ಕೆ ಹಾಕೋಣ ಎಂದರೆ ಅದು ಮಂಗಳವಾರದವರೆಗಿನ ಉದ್ದದ ಗ್ಯಾಪು, ನೀರಿನ ಲೆಕ್ಕ ತಪ್ಪಿದರೆ ಅಪಾಯ ಜಾಸ್ತಿ. ಶುಕ್ರವಾರ ರಾತ್ರಿಯೇ ಸರಿ. ಊರ ಹಿರಿಯರನ್ನು ಶನಿವಾರದಿಂದ ಶುಕ್ರವಾರಕ್ಕೆ ಎಳೆಯಲು ನನಗೆ ಮೂರು ಸಂಜೆ ಬೇಕಾಯಿತು. ಈ ಆರು ವರ್ಷದಲ್ಲಿ ನಾನು ಅವನಿಗೆ ಮಾಡಿದ ನಿಜವಾದ ಸಹಾಯ ಅಂದರೆ ಅದೇ ಇರಬೇಕು.

ಅವತ್ತು ಹಗಲೆಲ್ಲ ಬರೀ ನಾಲ್ಕು ಪುಟ್ಟ ಲೋಟ ಕುಡಿದು, ಉಳಿದದ್ದನ್ನು ರಾತ್ರಿಯ ಪದ್ಯಗಳಿಗೆ ಉಳಿಸಿಕೊಂಡ. ಡ್ರೆಸ್‌ನವನು ಅಭ್ಯಾಸದಂತೆ ಎರಡೂ ಕೈಗೆ ತೋಳಬಂದಿ ಕಟ್ಟಲು ಬಂದ. ನಾನು ಎಡಗೈಯದನ್ನು ಕಿತ್ತುಕೊಂಡೆ. ಚಕ್ರವರ್ತಿಗೆ ಒಂದೇ ತೋಳಬಂದಿ ಹೆಂಗೆ ಸ್ವಾಮಿ ಅಂದ. ಕೊನೆಗೆ ಎಡಗೈ ಮೇಲೆ ಜರಿ ಶಲ್ಯ ಸಡಿಲವಾಗಿ ಇಳಿಬಿಟ್ಟೆವು. ನೋಡಲು ಇನ್ನೂ ಚೆನ್ನಾಗೇ ಇತ್ತು.

ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ವೈಶಂಪಾಯನ ಸರೋವರದ ಸೀನ್. ನೀಲಿ ಪರದೆ ಹಿಂದೆ ಕುಳ್ಳ ಮುಳುಗಿ ಕೂತಿದ್ದಾನೆ. ನಾನು ದಡದಲ್ಲಿ ನಿಂತು ಹೊರಗೆ ಬಾರೋ ಅಂತ ಅಬ್ಬರಿಸಬೇಕು. ಪರದೆ ಸಂದಿಯಿಂದ ಪಿಸುಗುಟ್ಟಿದ. "ಇಡೀ ಕೆರೆ ಒಳಗೆ ಕೂರ್ಸಿದ್ದೀರ, ಒಂದು ಗುಟುಕು ನೀರಿಲ್ಲ ಕಣ್ಲಾ." ನನಗೆ ನಗು ತಡೆಯಲಾಗದೆ ಪದ್ಯದ ಎರಡನೇ ಸಾಲು ನುಂಗಿಬಿಟ್ಟೆ. ಹಾರ್ಮೋನಿಯಂ ಮೇಷ್ಟ್ರು ಕಣ್ಣು ಕೆಕ್ಕರಿಸಿದರು.

ಏಳು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ್ದರೂ ಅವನ ಹುಬ್ಬಿನ ಕಪ್ಪು ಪೂರ್ತಿ ಹೋಗಿರಲಿಲ್ಲ. ತೂಕದ ಯಂತ್ರ ಹತ್ತಿದ. ನಾನು ಬೇಕಂತಲೇ ಕಿಟಕಿ ಕಡೆ ತಿರುಗಿ ನಿಂತೆ. "ನೋಡ್ಲಾ, ಏರಿರೋದು ಬರೀ ಒಂದೂಮುಕ್ಕಾಲು ಕೆ.ಜಿ." ಅಂತ ಅವನೇ ಕೂಗಿದ. ಮಂಚದ ಮೇಲೆ ಮಲಗಿ, ಎಡಗೈಯನ್ನು ಕಿವಿಗೆ ಹಿಡಿದು ನೋಡಿ, ಟೆಕ್ನಿಷಿಯನ್ ಹುಡುಗನಿಗೆ ಚಾಚಿದ. ಎರಡು ಸೂಜಿಯೂ ಒಳಗೆ ಹೋದವು. ಆಮೇಲೆ ತೊಡೆ ನೀವಿಕೊಳ್ಳುತ್ತಾ ನನ್ನ ಕಡೆ ತಿರುಗಿದ.

"ನಾಟಕದಲ್ಲಿ ಅಷ್ಟು ಜೋರಾಗಿ ಹೊಡೀತಾರೇನ್ಲಾ?"